ಮೂರನೆಯ ತಪಾಸಣೆ

ಮಾರ್ಚ್ 3, ಸೋಮವಾರ

ಮನೆ ಸಿಕ್ಕಿತು. ಸಿಕ್ಕಿತು ಎಂದರೆ ನನ್ನದಾಯಿತು ಎಂದಲ್ಲ, ಇನ್ನೂ ಮುಂಗಡವನ್ನೇ ಕೊಟ್ಟಿಲ್ಲ. ಆದರೂ ಇವತ್ತು ಮಧ್ಯಾಹ್ನ ಅಲ್ಲಿ ನಿಂತಾಗ ನನ್ನ ಕಟಿಂಗ್ ಟೇಬಲ್ಲನ್ನು ಮನಸ್ಸಿನಲ್ಲೇ ಮೂರು ಸಲ ಇಟ್ಟು, ಎತ್ತಿ, ಅಡ್ಡ ತಿರುಗಿಸಿ, ಕಡೆಗೆ ಕಿಟಕಿಯ ಪಕ್ಕಕ್ಕೇ ಇಟ್ಟೆ. ಓಣಿಯ ತುದಿಯ ಮನೆ, ಎರಡು ಅಂತಸ್ತು, ಅರವತ್ತು ವರ್ಷ ಹಳೆಯದು. ಕೆಳಗೆ ಮುಂಬಾಗಿಲಿನಿಂದ ಅಡುಗೆಮನೆಯವರೆಗೆ ನಡುವೆ ಗೋಡೆಯಿಲ್ಲದ ಒಂದೇ ಉದ್ದನೆಯ ಹಾಲ್. ಎರಡೂ ತುದಿಯಿಂದ ಬೆಳಕು. ಬಟ್ಟೆ ಕತ್ತರಿಸುವವರಿಗೆ ಬೆಳಕೆಂದರೆ ಏನು ಎಂಬುದು ಹೊರಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ.

ಮಾರುವವರು ವಯಸ್ಸಾದ ಯಜಮಾನರು. ಹೆಂಡತಿ ಹೋಗಿ ಎರಡು ವರ್ಷವಾಯಿತಂತೆ, ಒಬ್ಬರೇ ಇದ್ದಾರೆ. ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಾನು ಮನೆ ನೋಡುವಷ್ಟು ಹೊತ್ತೂ ಹಾಲ್‌ನ ನಟ್ಟನಡುವೆ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಮಾತೆಲ್ಲ ಏಜೆಂಟನದು. ಎರಡು ಮಾತಿಗೊಮ್ಮೆ "ಚಿಂತೆ ಬೇಡ ಮೇಡಂ" ಎನ್ನುತ್ತಾನೆ. ಅವನಿಗೆ ಚಿಂತೆಬೇಡ ಎಂದೇ ಹೆಸರಿಟ್ಟಿದ್ದೇನೆ.

ಸಂಜೆ ಅಣ್ಣನಿಗೆ ಹೇಳಿದೆ.

"ಒಂಟಿ ಹೆಂಗಸಿಗೆ ಎರಡು ಅಂತಸ್ತು ಯಾಕೆ?" ಎಂದ.

ಉತ್ತರ ಇಲ್ಲಿ ಬರೆಯುತ್ತೇನೆ. ಯಾಕೆಂದರೆ ಒಂಬತ್ತು ವರ್ಷದಿಂದ ನಾನು ನಿನ್ನ ಮನೆಯ ವಾಷಿಂಗ್ ಮೆಷಿನ್ ಕೋಣೆಯಲ್ಲಿ ಮಲಗುತ್ತಿದ್ದೇನೆ. ಮೆಷಿನ್ನು ಬಟ್ಟೆ ಹಿಂಡುವಾಗಲೆಲ್ಲ ನನ್ನ ಮಂಚ ಒಂದಂಗುಲ ಬಾಗಿಲ ಕಡೆಗೆ ಸರಿಯುತ್ತದೆ. ಮಂಚಕ್ಕೆ ಬಂದ ಬುದ್ಧಿ ನನಗೆ ಇಷ್ಟು ವರ್ಷ ಬರಲಿಲ್ಲ. ಯಾಕೆಂದರೆ ನಾನು ಗಂಡನನ್ನು ಬಿಟ್ಟು ಬಂದ ದಿನ ನೀನು "ಇದು ನಿನ್ನದೇ ಮನೆ ಅಂದ್ಕೋ" ಎಂದೆ, ಆಮೇಲೆ ಆ ಮಾತನ್ನು ದಿನಕ್ಕಿಷ್ಟಿಷ್ಟು ವಾಪಸ್ ತೆಗೆದುಕೊಂಡೆ. ರೇಡಿಯೋ ಹಾಕಬೇಕಾದರೂ, ಗೆಳತಿಯನ್ನು ಕರೆಯಬೇಕಾದರೂ ನಾನು ಅತ್ತಿಗೆಯ ಮುಖ ನೋಡಬೇಕು. ಯಾಕೆಂದರೆ ನನಗೆ ನಲವತ್ತಾರು ವರ್ಷ, ವರ್ಕ್‌ಶಾಪಿನಲ್ಲಿ ಮೂವತ್ತು ಜನ ಹೊಲಿಯುವವರಿಗೆ ನಾನು ಕತ್ತರಿಸಿ ಕೊಡುತ್ತೇನೆ, ಅಲ್ಲಿ ಎಲ್ಲರೂ ನನ್ನನ್ನು ಮಾಸ್ಟರ್ ಎನ್ನುತ್ತಾರೆ.

ಇದರಲ್ಲಿ ಒಂದು ಮಾತೂ ಬಾಯಿಂದ ಹೊರಡಲಿಲ್ಲ. "ನೋಡೋಣ ಅಣ್ಣ" ಎಂದು ತಟ್ಟೆ ತೊಳೆದಿಟ್ಟು ಬಂದೆ.

ಮಾರ್ಚ್ 5, ಬುಧವಾರ

ಸಾಲ ಕೊಡುವ ಬ್ಯಾಂಕಿನವರು ಮನೆ ನೋಡಿಕೊಂಡು ಬಂದರಂತೆ. ಚಿಂತೆಬೇಡ ಫೋನಿನಲ್ಲೇ ಕುಣಿದ. "ಬ್ಯಾಂಕೇ ಪಾಸ್ ಮಾಡಿದೆ ಮೇಡಂ, ಇನ್ನೇನು ಬೇಕು?" ಅಣ್ಣನದೂ ಅದೇ ರಾಗ. ಬ್ಯಾಂಕಿನವರು ದಡ್ಡರಲ್ಲ, ಅವರೇ ಒಪ್ಪಿದ ಮೇಲೆ ನೀನು ಯಾರು?

ನಾನು ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಹೋಗಿ ಕೌಂಟರಿನ ಹುಡುಗಿಯನ್ನೇ ಕೇಳಿದೆ, ನಿಮ್ಮವರು ಎಷ್ಟು ಹೊತ್ತು ನೋಡಿದರು ಎಂದು. ಇಪ್ಪತ್ತು ನಿಮಿಷ ಎಂದಳು. ಗೋಡೆ, ಸೂರು, ಪೈಪು? ಅವಳು ಪಾಪ, ನಕ್ಕುಬಿಟ್ಟಳು. "ಅದು ನಮ್ಮ ಸಾಲಕ್ಕೆ ಮನೆ ಸಾಕಾಗುತ್ತಾ ಅಂತ ನೋಡೋದು ಮೇಡಂ. ನಿಮಗೆ ಮನೆ ಸಾಕಾಗುತ್ತಾ ಅಂತಲ್ಲ."

ಇಷ್ಟು ನೇರವಾಗಿ ಈಚೆಗೆ ಯಾರೂ ನನ್ನೊಂದಿಗೆ ಮಾತಾಡಿಲ್ಲ.

ಮಾರ್ಚ್ 6, ಗುರುವಾರ

ವರ್ಕ್‌ಶಾಪಿನಲ್ಲಿ ಹೊಸ ಬಟ್ಟೆಯ ಥಾನುಗಳು ಬಂದವು. ಮೇಲೆ ಮಿಲ್ಲಿನ ಮುದ್ರೆ, ಒಳ್ಳೆಯ ಮಾಲು ಎಂದು. ಆದರೂ ಪೂರ್ತಿ ಬಿಚ್ಚಿ, ದೀಪದ ಮೇಜಿನ ಮೇಲೆ ಹಾಯಿಸಿ ನೋಡಿದ ಮೇಲೆಯೇ ನಾನು ಕತ್ತರಿ ಇಡುವುದು. ಒಳಸುತ್ತಿನಲ್ಲಿ ಒಂದು ಎಳೆ ಹೋಗಿದ್ದರೆ ಅರವತ್ತು ಅಂಗಿ ಹೋದಂತೆ. ಅಂಗಿಗೆ ಇಷ್ಟು ನೋಡುವವಳು ಮನೆಗೆ ಮುದ್ರೆ ನಂಬಬೇಕಂತೆ!

ಮನೆ ತಪಾಸಣೆ ಮಾಡುವವರ ನಂಬರು ಹುಡುಕಿ ಮೂವರಿಗೆ ಫೋನ್ ಮಾಡಿದೆ. ತಿಳಿದದ್ದು ಇಷ್ಟು. ಒಂದನೆಯ ಬಗೆ ಬ್ಯಾಂಕಿನದು, ಬರೀ ಬೆಲೆ ಅಂದಾಜು. ಎರಡನೆಯದು ಕಣ್ಣಿಗೆ ಕಾಣುವುದನ್ನು ನೋಡಿ ಸರಿ-ತಪ್ಪು ಗುರುತು ಹಾಕಿ ಕೊಡುವುದು, ಹೊಸ ಮನೆಗಾದರೆ ಅದು ಸಾಕು. ಮೂರನೆಯದು ಪೂರ್ತಿ ಕಟ್ಟಡದ್ದು. ಅಟ್ಟ ಹತ್ತಿ, ಮುಚ್ಚಿದ್ದನ್ನು ತೆಗೆಸಿ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ನೋಡುವುದು. ಹೆಚ್ಚು ದಿನ, ಹೆಚ್ಚು ಖರ್ಚು.

ಮೊದಲಿನವನು ಚಿಂತೆಬೇಡನ ಕಡೆಯವನಂತೆ. "ಅವ್ರು ಹೇಳಿದಾರೆ ಮೇಡಂ, ಎರಡನೇದು ಸಾಕು ನಿಮಗೆ" ಎಂದ. ನನಗೇನು ಸಾಕು ಎಂದು ಮಾರುವವರ ಏಜೆಂಟ್ ಹೇಳುತ್ತಾನೆ! ಇಟ್ಟುಬಿಟ್ಟೆ. ಎರಡನೆಯವರು ಫೋನೇ ಎತ್ತಲಿಲ್ಲ. ಮೂರನೆಯವರು ಒಬ್ಬ ಹೆಂಗಸು, ಕಟ್ಟಡದ ಇಂಜಿನಿಯರ್. ಒಪ್ಪುವ ಮೊದಲೇ ನನ್ನನ್ನೇ ಪ್ರಶ್ನೆ ಕೇಳಿದರು.

"ಮನೆಗೆ ಎಷ್ಟು ವರ್ಷ? ಗೋಡೆ ಏನಾದ್ರೂ ತೆಗೆದಿದಾರಾ?"

ಹಾಲ್ ಒಂದೇ ಇದೆ ಎಂದೆ.

"ಹೊಸದಾಗಿ ಬಣ್ಣ ಎಲ್ಲಿ ಹೊಡೆದಿದಾರೆ?"

ಯೋಚಿಸಿದೆ. ಮಹಡಿಯ ಕೋಣೆಯ ಒಂದು ಗೋಡೆಗೆ ಮಾತ್ರ. ಮತ್ತೆ ಹಾಲ್‌ನಲ್ಲಿ ದುಂಡು ದೀಪಗಳಿರುವ ಹೊಸ ಫಾಲ್ಸ್ ಸೀಲಿಂಗ್.

"ಹಳೇ ಮನೆ, ಗೋಡೆ ತೆಗೆದಿದೆ, ಮೇಲೆ ಹೊಸದಾಗಿ ಮುಚ್ಚಿದೆ. ನಿಮಗೆ ಮೂರನೇದೇ ಬೇಕು. ಎರಡನೇದಕ್ಕೆ ಬೇರೆಯವರನ್ನ ನೋಡ್ಕೊಳ್ಳಿ, ನಾನು ಬರಲ್ಲ."

ಮಾರ್ಚ್ 9, ಭಾನುವಾರ

ಊಟದ ಹೊತ್ತಿಗೆ, ಮನೆಯ ಸರ್ವೆ ಮಾಡಿಸುವ ವಿಷಯ ಹೇಳಿದೆ.

ಅಣ್ಣ ತುತ್ತು ಹಿಡಿದುಕೊಂಡೇ ನಕ್ಕ. "ಸರ್ವೆ ಅಂದ್ರೆ ಜಾಗ ಅಳೆಯೋದಲ್ವಾ? ಅಳತೆ ಪತ್ರದಲ್ಲೇ ಇದೆ."

"ಜಾಗದ್ದಲ್ಲ ಅಣ್ಣ, ಕಟ್ಟಡದ್ದು."

"ಟೈರ್ ಅಂಗಡೀಲಿ ಇಪ್ಪತ್ತು ವರ್ಷ ಕೂತಿದೀನಿ. ಟೈರ್ ತಟ್ಟಿದ್ರೆ ಗೊತ್ತಾಗುತ್ತೆ. ಗೋಡೆ ತಟ್ಟಿ ಹೇಳ್ತೀನಿ, ಬಾ."

ಅತ್ತಿಗೆ ಮೆಲ್ಲಗೆ, "ಅವಳಿಗೆ ಮನೆ ತಗೊಳ್ಳೋಕೇ ಭಯ. ಅದಕ್ಕೇ ಏನೋ ಒಂದು ನೆಪ" ಎಂದರು.

ಭಯ! ಗಂಡ ಎಸೆದ ತಟ್ಟೆಗಳ ಚೂರು ಗುಡಿಸಿಟ್ಟು, ಬಾಗಿಲು ಎಳೆದುಕೊಂಡು, ಒಂದು ಬ್ಯಾಗ್ ಹಿಡಿದು ಬಂದವಳಿಗೆ ಭಯದ ವಿಷಯ ಹೇಳುತ್ತೀರಾ ಅತ್ತಿಗೆ? ನಿಮ್ಮ ಮನೆಯಲ್ಲಿ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕೆ ಎಷ್ಟು ಧೈರ್ಯ ಬೇಕಾಯಿತು ಗೊತ್ತೇ?

ಇದೂ ಇಲ್ಲೇ ಉಳಿಯಿತು. ಆದರೆ ಇವತ್ತು ಒಂದು ಸಾಲು ಹೊರಗೆ ಬಂತು. "ಬುಧವಾರ ಬರೋಕೆ ಅವರಿಗೆ ಹೇಳಾಗಿದೆ" ಎಂದೆ. ಅಣ್ಣ ನಗುವುದು ನಿಲ್ಲಿಸಿ ನೀರು ಕುಡಿದ.

ಮಾರ್ಚ್ 12, ಬುಧವಾರ

ಇಂಜಿನಿಯರಮ್ಮ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಂದರು. ಐವತ್ತು ದಾಟಿರಬಹುದು. ಮಡಚುವ ಏಣಿ, ದೊಡ್ಡ ಟಾರ್ಚು, ತೇವ ಅಳೆಯುವ ಯಂತ್ರ, ಉದ್ದ ಹಿಡಿಯ ಕನ್ನಡಿ. ಜೇಬಿನಲ್ಲಿ ಒಂದು ಗಾಜಿನ ಗೋಲಿ. ಚಿಂತೆಬೇಡ ಗೋಲಿ ನೋಡಿ, "ಆಟ ಆಡೋಕೆ ಬಂದ್ರಾ ಮೇಡಂ?" ಎಂದು ಹಲ್ಲು ಬಿಟ್ಟ. ಆಯಮ್ಮ ಏಣಿ ಎತ್ತಿಕೊಂಡು ಮಹಡಿ ಹತ್ತಿದರು.

ಮಹಡಿಯ ಕೋಣೆಯಲ್ಲಿ ಗೋಲಿಯನ್ನು ಬಾಗಿಲ ಹತ್ತಿರ ನೆಲದ ಮೇಲೆ ಬಿಟ್ಟರು. ಅದು ತಾನಾಗಿ ಉರುಳಿಕೊಂಡು ಹೋಗಿ ಹೊಸ ಬಣ್ಣದ ಗೋಡೆಯ ಬುಡಕ್ಕೆ ತಾಗಿ ನಿಂತಿತು. ಕಿಟಕಿಯ ಹತ್ತಿರದಿಂದ ಬಿಟ್ಟರೂ ಅಲ್ಲಿಗೇ ಬಂತು.

"ಈ ಗೋಡೆ ಕೆಳಗೆ ಏನಿದೆ?" ಎಂದು ನನ್ನನ್ನು ಕೇಳಿದರು.

"ಹಾಲ್."

"ಹಾಲ್‌ನಲ್ಲಿ ಇದರ ನೇರಕ್ಕೆ ಗೋಡೆ?"

"ಇಲ್ಲ."

"ಹಾಗಾದ್ರೆ ಇದು ಯಾರ ಮೇಲೆ ನಿಂತಿದೆ?"

ನಾವು ಮೂವರೂ ಗೋಡೆ ನೋಡುತ್ತ ನಿಂತೆವು. ಅದರ ಮೇಲೆ ಸೂರು, ಸೂರಿನ ಮೇಲೆ ನೀರಿನ ಟ್ಯಾಂಕ್.

ಕೆಳಗೆ ಬಂದು ಒಂದು ದುಂಡು ದೀಪ ಬಿಚ್ಚಬೇಕು ಎಂದರು. ಚಿಂತೆಬೇಡನಿಗೆ ಮೊದಲ ಸಲ ಚಿಂತೆಯಾಯಿತು. "ಅದೆಲ್ಲ ಆಗಲ್ಲ, ಹೊಸ ಸೀಲಿಂಗು, ಹೋದ ತಿಂಗಳು ನಾನೇ ನಿಂತು ಹಾಕ್ಸಿದ್ದು!" ಕುರ್ಚಿಯಲ್ಲಿದ್ದ ಯಜಮಾನರು ಪೇಪರ್ ಇಳಿಸದೆಯೇ, "ಬಿಚ್ಚಲಿ ಬಿಡಯ್ಯ. ಹದಿನಾರು ದೀಪ ನಂಗ್ಯಾಕೆ, ಮದುವೆ ಮನೇನಾ?" ಎಂದರು.

ಆಯಮ್ಮ ಏಣಿ ಹತ್ತಿ ತೂತಿನೊಳಗೆ ಕನ್ನಡಿ, ಟಾರ್ಚು ತೂರಿಸಿ ಹತ್ತು ನಿಮಿಷ ನೋಡಿದರು. ಇಳಿದಾಗ ಕೂದಲ ತುಂಬ ಧೂಳು. ಯಜಮಾನರಿಗೆ, "ಪೂರ್ತಿ ಲೆಕ್ಕ ಮಾಡಿ ಹೇಳ್ತೀನಿ. ಅಲ್ಲೀ ತನಕ ಈ ಕುರ್ಚಿ ಅತ್ಲಾಗೆ ಹಾಕ್ಕೊಳ್ಳಿ" ಎಂದರು. ಅವರು "ನೋಡೋಣ" ಎಂದವರು ಕೂತಲ್ಲಿಂದ ಅಲುಗಲಿಲ್ಲ.

ಮಾರ್ಚ್ 13, ಗುರುವಾರ

ಕೆಲಸದಲ್ಲಿ ಮನಸ್ಸಿಲ್ಲ. ಎರಡು ಕಾಲರ್ ಉಲ್ಟಾ ಕತ್ತರಿಸಿದೆ. ಹದಿನೆಂಟು ವರ್ಷದಲ್ಲಿ ಮೊದಲು.

ಮಾರ್ಚ್ 15, ಶನಿವಾರ

ವರದಿ ಬಂತು. ನಲವತ್ತು ಪುಟ. ಪೈಪು ಸರಿ, ಸೂರು ಪರವಾಗಿಲ್ಲ, ಹಿತ್ತಲ ಗೋಡೆಯಲ್ಲಿ ತೇವ. ಹನ್ನೊಂದನೆಯ ಪುಟದಲ್ಲಿ ವಿಷಯ. ಕೆಳಗೆ ತೆಗೆದದ್ದು ಭಾರ ಹೊರುವ ಗೋಡೆ. ಅದರ ಬದಲು ಕೊಟ್ಟದ್ದು ಒಂದು ಮರದ ತೊಲೆ, ಆ ಭಾರಕ್ಕೆ ಅರ್ಧಕ್ಕೂ ಸಾಲದು. ತೊಲೆ ನಡುವೆ ಸೀಳಿದೆ. ಮೇಲಿನ ಇಟ್ಟಿಗೆ ಗೋಡೆ, ಟ್ಯಾಂಕು ಎಲ್ಲ ಅದರ ಮೇಲಿದೆ. ತಕ್ಷಣ ಟ್ಯಾಂಕು ಖಾಲಿ ಮಾಡಿಸಿ ಆಸರೆಗೆ ಕೆಳಗಿನಿಂದ ಕಬ್ಬಿಣದ ಜಾಕಿಗಳನ್ನು ಕೊಡಬೇಕು, ಅಲ್ಲಿಯವರೆಗೆ ಆ ಜಾಗದಲ್ಲಿ ಯಾರೂ ಇರಬಾರದು.

ಓದಿ ಮುಗಿಸುವಷ್ಟರಲ್ಲಿ ಬೆತ್ತದ ಕುರ್ಚಿ ನೆನಪಾಯಿತು.

ಇಂಜಿನಿಯರಮ್ಮನಿಗೆ ಫೋನ್ ಮಾಡಿದೆ. ನಿನ್ನೆಯೇ ಏಜೆಂಟನಿಗೆ ವಿವರವಾಗಿ ಹೇಳಿ, ಯಜಮಾನರಿಗೆ ತಿಳಿಸು ಎಂದಿದ್ದಾರಂತೆ. ಅವನೂ ಒಪ್ಪಿದನಂತೆ. ಚಿಂತೆಬೇಡನಿಗೆ ಮಾಡಿದೆ.

"ಹೇಳಿದ್ರಾ?"

"ಚಿಂತೆ ಬೇಡ ಮೇಡಂ, ಹೇಳ್ತೀನಿ. ಮಂಗಳವಾರ ಇನ್ನೊಂದು ಪಾರ್ಟಿ ಮನೆ ನೋಡೋಕೆ ಬರ್ತಿದೆ, ಅದೊಂದು ಆಗ್ಲಿ. ನಿಮಗೆ ಬೇಡ ಅಂದ್ರೆ ಬಿಡಿ. ವಯಸ್ಸಾದೋರನ್ನ ಸುಮ್ನೆ ಯಾಕೆ ಹೆದರಿಸ್ತೀರ?"

ಅಣ್ಣನಿಗೆ ಹೇಳಿದರೆ, "ಬಚಾವಾದೆ ಅಂದ್ಕೋ. ಇನ್ನು ಊರ ಉಸಾಬರಿ ನಿನಗೆ ಬೇಡ" ಎಂದ.

"ಬಿದ್ರೆ ಯಜಮಾನರ ತಲೆ ಮೇಲೇ ಬೀಳುತ್ತೆ ಅಣ್ಣ."

"ಅದಕ್ಕೆ ನೀನೇನು ಮಾಡ್ತೀಯ?"

"ನಾಳೆ ಹೋಗಿ ಹೇಳ್ತೀನಿ."

ಹೌದು, ಇದನ್ನು ಬಾಯಲ್ಲೇ ಹೇಳಿದೆ.

ಮಾರ್ಚ್ 16, ಭಾನುವಾರ

ಹತ್ತು ಗಂಟೆಗೆ ಹೋದೆ. ಯಜಮಾನರು ಅದೇ ಕುರ್ಚಿಯಲ್ಲಿ. ಹನ್ನೊಂದನೆಯ ಪುಟ ಓದಿ ಹೇಳಿದೆ. ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿದರು.

"ಬೆಲೆ ಇಳಿಸೋಕೆ ಬಂದಿದೀರಾ?"

"ಇಲ್ಲ. ನೀವು ಅಲ್ಲಿಂದ ಏಳಲಿ ಅಂತ ಬಂದಿದೀನಿ."

"ನೋಡಮ್ಮ, ನನ್ನ ಹೆಂಡತಿಗೆ ಕಾಲು ಹೋಗಿತ್ತು. ಅವಳ ಹಾಸಿಗೆ ಇದೇ ಜಾಗದಲ್ಲಿ, ನಾಲ್ಕು ವರ್ಷ. ಗೋಡೆ ಇದ್ರೆ ಅಡುಗೆಮನೆ ಕಾಣ್ತಿರ್ಲಿಲ್ಲ. ನಾನು ಅಡುಗೆ ಮಾಡೋದನ್ನ ನೋಡ್ಬೇಕು, ಬೈಬೇಕು ಅವಳಿಗೆ. ಅದಕ್ಕೇ ತೆಗೆಸಿದ್ದು. ಇಲ್ಲಿಂದಾನೇ ಕೂಗೋಳು, ಉಪ್ಪು ಜಾಸ್ತಿ ಆಯ್ತು ಅಂತ. ರುಚಿ ನೋಡದೇನೇ! ಬೀಳೋ ಹಾಗಿದ್ರೆ ಅವಳಿದ್ದಾಗಲೇ ಬೀಳ್ತಿತ್ತು. ಬೀಳ್ಲಿಲ್ಲ. ನೀವು ಹೊರಡಿ."

ನಾನು ಅಡುಗೆಮನೆಯ ಸ್ಟೂಲು ಎಳೆದುಕೊಂಡು ಬಂದು ಅವರ ಪಕ್ಕದಲ್ಲೇ ಕೂತೆ.

"ಏನಿದು?"

"ನೀವು ಏಳೋ ತನಕ ನಾನೂ ಇಲ್ಲೇ ಕೂತಿರ್ತೀನಿ."

ಅವರು ಪೇಪರ್ ಬಿಡಿಸಿದರು. ನಾನು ದೀಪ ಎಣಿಸಿದೆ. ಹದಿನೈದು, ಮತ್ತೊಂದು ತೂತು. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ದಢಾರನೆ ಹಾಕಿದರು, ನಾನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡೆ. ಅರ್ಧ ಗಂಟೆಯಾದರೂ ಅವರು ಪೇಪರಿನ ಪುಟ ತಿರುಗಿಸಿರಲಿಲ್ಲ.

"ಮೂವತ್ತೈದು ವರ್ಷ ಲಿಫ್ಟ್ ನೋಡಿದೋನು ನಾನು. ಭಾರ ಅಂದ್ರೆ ಏನು ಅಂತ ನನಗೆ ಹೇಳಿಕೊಡ್ಬೇಡಿ" ಎಂದರು ಕಡೆಗೆ.

"ಹಾಗಾದ್ರೆ ನೀವೇ ಹೇಳಿ. ಲಿಫ್ಟಿನ ಉಕ್ಕಿನ ಹಗ್ಗದಲ್ಲಿ ಎಳೆ ಕಿತ್ತಿದ್ದು ಕಂಡ ಮೇಲೂ, ನಿನ್ನೆ ತನಕ ಬಿದ್ದಿಲ್ಲವಲ್ಲ ಅಂತ ಜನರನ್ನ ಹತ್ತಿಸ್ತಿದ್ರಾ?"

ಅವರು ಪೇಪರ್ ಮಡಚಿದರು. ಬಹಳ ಹೊತ್ತು ಮೇಲೆಯೇ ನೋಡಿದರು.

"ನಾಲ್ಕು ವರ್ಷ ಅವಳನ್ನ ಇದರ ಕೆಳಗೆ ಮಲಗಿಸಿದ್ದೆ" ಎಂದರು.

ನಾನು ಸ್ಟೂಲನ್ನು ಅವರ ಕುರ್ಚಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

"ಏಳಿ ಇನ್ನು" ಎಂದರು.

"ನೀವು ಎದ್ರೆ ಏಳ್ತೀನಿ."

"ಎಂಥಾ ಹಠಮಾರಿ ಹೆಂಗಸಪ್ಪಾ!" ಎಂದು ಕುರ್ಚಿಯ ಕೈ ಊರಿ ಎದ್ದರು. "ಟೀ ಮಾಡ್ತೀನಿ, ಬನ್ನಿ. ಅಡುಗೆಮನೆ ಮೇಲೆ ಏನೂ ಇಲ್ಲ ತಾನೇ?"

ಟೀಗೆ ಸಕ್ಕರೆ ಹೆಚ್ಚಾಗಿತ್ತು. ನಾನು ಹೇಳಲಿಲ್ಲ.

ಮಾರ್ಚ್ 18, ಮಂಗಳವಾರ

ಅರ್ಧ ದಿನ ರಜೆ. ಟ್ಯಾಂಕು ನಿನ್ನೆಯೇ ಖಾಲಿಯಾಗಿತ್ತು. ಇವತ್ತು ಸೀಲಿಂಗ್ ಬಿಚ್ಚಿಸಿ ಎಂಟು ಜಾಕಿ ಕೊಟ್ಟರು. ತೊಲೆಯ ಸೀಳಿನಲ್ಲಿ ಇಂಜಿನಿಯರಮ್ಮನ ನಾಲ್ಕು ಬೆರಳು ಹಿಡಿಸಿದವು. ಯಜಮಾನರು ತಾವೇ ಏಣಿ ಹತ್ತಿ ಬೆರಳಿಟ್ಟು ನೋಡಿ ಇಳಿದರು.

ಹೊಸ ಪಾರ್ಟಿಯ ಗಂಡ ಹೆಂಡತಿ ಚಿಂತೆಬೇಡನ ಹಿಂದೆ ಒಳಗೆ ಬಂದು, ಜಾಕಿ ನೋಡಿ ಬಾಗಿಲಲ್ಲೇ ನಿಂತರು. "ಅದು ಮೇಡಂ, ಸಣ್ಣ ರಿಪೇರಿ, ಚಿಂತೆ..." ಎಂದು ಶುರು ಮಾಡಿದ. ಯಜಮಾನರು, "ನೀನು ನಾಳೆಯಿಂದ ಈ ಕಡೆ ಬರ್ಬೇಡ ಕಣಯ್ಯ" ಎಂದರು. ದನಿ ಏರಿಸಲಿಲ್ಲ. ಅವನು ಹೋದ.

ಮಾರ್ಚ್ 22, ಶನಿವಾರ

ಈಗ ಎಲ್ಲರ ರಾಗ ಬದಲಾಗಿದೆ. ಹತ್ತು ದಿನದ ಹಿಂದೆ "ನೋಡೋದೇನಿದೆ, ತಗೋ" ಎಂದವರು ಈಗ "ಮುರುಕು ಮನೆ, ಓಡಿ ಬಾ" ಎನ್ನುತ್ತಾರೆ. ವರ್ಕ್‌ಶಾಪಿನಲ್ಲಿ ಗುಂಡಿ ಹಚ್ಚುವಾಕೆಯೂ ಬುದ್ಧಿ ಹೇಳಿದಳು.

ಇಂಜಿನಿಯರಮ್ಮನನ್ನು ಕೇಳಿದೆ, ತೆಗೆದುಕೊಳ್ಳಲೋ ಬಿಡಲೋ.

"ಅದು ನನ್ನ ಕೆಲಸ ಅಲ್ಲಮ್ಮ. ಏನಿದೆ ಅಂತ ಹೇಳೋದು ನನ್ನ ಕೆಲಸ. ಉಕ್ಕಿನ ತೊಲೆ ಕೊಟ್ರೆ ಈ ಮನೆ ನಿಮಗಿಂತ ಹೆಚ್ಚು ವರ್ಷ ಇರುತ್ತೆ. ಇಷ್ಟನ್ನ ಬರೆದು ಕೊಡ್ತೀನಿ."

ಸಾಕು. ಓಡಿಹೋಗಲು ನೆಪ ಬೇಕೆಂದು ನಾನು ಮೂರನೆಯ ತಪಾಸಣೆ ಮಾಡಿಸಿದ್ದಲ್ಲ. ಗೊತ್ತಿದ್ದು ತೆಗೆದುಕೊಳ್ಳಬೇಕು ಎಂದು ಮಾಡಿಸಿದ್ದು. ಈಗ ಗೊತ್ತಾಗಿದೆ.

ಯಜಮಾನರಿಗೆ ನನ್ನ ಷರತ್ತು ಹೇಳಿದೆ: ಮಾರುವ ಮೊದಲೇ ಉಕ್ಕಿನ ತೊಲೆ ನೀವು ಹಾಕಿಸಬೇಕು, ಇಂಜಿನಿಯರಮ್ಮ ನಿಂತು ನೋಡಬೇಕು. "ನೀವು ಬೇಡ ಅಂದ್ರೂ ಹಾಕಿಸ್ತಿದ್ದೆ. ಎಳೆ ಕಿತ್ತ ಹಗ್ಗದ ಲಿಫ್ಟನ್ನ ಯಾರಿಗಾದ್ರೂ ಮಾರಲಾ?" ಎಂದರು.

ಮಾರ್ಚ್ 23, ಭಾನುವಾರ

ಅಣ್ಣ: "ನಾಳೆ ಏನಾದ್ರೂ ಹೆಚ್ಚು ಕಡಿಮೆ ಆದ್ರೆ ನನ್ನ ಮನೆ ಬಾಗಿಲಿಗೆ ಬರ್ಬೇಡ."

ನಾನು: "ಬರಲ್ಲ ಅಣ್ಣ."

ಏಪ್ರಿಲ್ 12, ಶನಿವಾರ

ತೊಲೆ ಬಂತು. ಆರು ಜನ ಹೊತ್ತು ತಂದರು. ಎರಡು ದಿನದ ಕೆಲಸ.

ಏಪ್ರಿಲ್ 19, ಶನಿವಾರ

ಜಾಕಿ ತೆಗೆಯುವ ದಿನ. ಇಂಜಿನಿಯರಮ್ಮ ಕೆಲಸದವರನ್ನೂ ಯಜಮಾನರನ್ನೂ ಹೊರಗೆ ಕಳಿಸಿದರು. ನನ್ನನ್ನೂ ಹೋಗು ಎಂದರು, ಹೋಗಲಿಲ್ಲ. ಒಂದೊಂದೇ ಜಾಕಿಯ ತಿರುಪು ಸಡಿಲಿಸಿ, ನಿಂತು ಕಿವಿಗೊಟ್ಟು, ಮುಂದಿನದಕ್ಕೆ ಹೋಗುತ್ತಿದ್ದರು. ಎಂಟನೆಯದು ಕೈಗೆ ಬಂತು. ಎಲ್ಲಿಯೂ ಒಂದು ಕಾಳಿನಷ್ಟು ಗಾರೆ ಉದುರಲಿಲ್ಲ.

"ಏನೂ ಆಗ್ಲಿಲ್ಲ" ಎಂದೆ.

"ಏನೂ ಆಗದೇ ಇರ್ಲಿ ಅಂತಾನೇ ಇಷ್ಟೆಲ್ಲ" ಎಂದರು.

ಮೇ 8, ಗುರುವಾರ

ರಿಜಿಸ್ಟರ್ ಆಯಿತು. ಯಜಮಾನರು ಊರಾಚೆ ಇರುವ ತಂಗಿಯ ಮನೆಗೆ ಹೊರಟರು. ಕೀಲಿ ಕೊಡುವಾಗ, ಬಚ್ಚಲಿನ ಕೊಳಾಯಿ ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ, ಬಲಕ್ಕಲ್ಲ ಎಂದರು. ಅದು ನಲವತ್ತು ಪುಟದಲ್ಲಿ ಇರಲಿಲ್ಲ.

ಮೇ 18, ಭಾನುವಾರ

ವಾರಪೂರ್ತಿ ಬರೆಯಲು ಹೊತ್ತಾಗಲಿಲ್ಲ. ಬರೆಯಬೇಕು ಎಂದೂ ಅನ್ನಿಸಲಿಲ್ಲ.

ಇವತ್ತು ಬೆಳಿಗ್ಗೆ ಅಣ್ಣ ಬಂದ, ಒಬ್ಬನೇ. ಗೇಟಿನಲ್ಲಿ ನಿಂತು ಮಹಡಿಯನ್ನು ಒಮ್ಮೆ, ಓಣಿಯನ್ನು ಒಮ್ಮೆ ನೋಡಿದ. ಒಳಗೆ ಬಾ ಎಂದೆ. ಬಂದ. ಟೇಬಲ್ಲಿನ ಮೇಲೆಲ್ಲ ಬಟ್ಟೆ, ಸ್ಟೂಲಿನ ಮೇಲೆ ಕಾಗದದ ಅಳತೆಗಳು, ಎರಡು ಕುರ್ಚಿಯ ಮೇಲೂ ಥಾನು. ಕೈ ಹಿಂದೆ ಕಟ್ಟಿಕೊಂಡು ಹಾಲ್‌ನ ನಡುವೆ ನಿಂತೇ ಇದ್ದ. ಅತ್ತಿಗೆ ಹೇಗಿದ್ದಾರೆ ಎಂದೆ. ಚೆನ್ನಾಗಿದ್ದಾಳೆ, ಮೆಷಿನ್ ಕೋಣೆ ಖಾಲಿ ಖಾಲಿ ಅನ್ನಿಸುತ್ತದಂತೆ ಎಂದ. ಆಮೇಲೆ ಕೇಳಿದ.

"ಎಲ್ಲಿ ಕೂತ್ಕೊಳ್ಳಲಿ?"

ನಾನು ಕತ್ತರಿ ಕೆಳಗಿಟ್ಟು ಒಂದು ಕುರ್ಚಿ ಖಾಲಿ ಮಾಡಿಕೊಟ್ಟೆ.

"ಎಲ್ಲಿ ಬೇಕಾದ್ರೂ ಹಾಕ್ಕೊಂಡು ಕೂತ್ಕೋ ಅಣ್ಣ. ಎಲ್ಲಾ ಕಡೆ ಗಟ್ಟಿಯಾಗಿದೆ."